ಡಬ್ಬಿ ಪುರಾಣ 4: ಕಂದಾದ ಸೇಬು ಕೆಟ್ಟ ಸೇಬಲ್ಲ

ಫೋಟೋದಲ್ಲಿರೋದು ನಮ್ಮ ಕ್ಲಾಸ್ ಹಿಂದಿನ ಡಸ್ಟ್‌ಬಿನ್. ಮೇಲೇ ಕಾಣ್ತಿರೋದು ಆರು ಹೋಳು ಸೇಬು, ಒಂದನ್ನೂ ಕಚ್ಚಿಲ್ಲ. ಯಾರದ್ದು ಅಂತ ಹೇಳಲ್ಲ. ಡಬ್ಬಿ ತೆಗೆದ್ರು, "ಛೀ, ಕೆಟ್ಟೋಗಿದೆ" ಅಂದ್ರು, ಎಸೆದ್ರು.

ಕೆಟ್ಟಿಲ್ಲ ಮಾರಾಯ್ರೆ! ಬಣ್ಣ ತಿರುಗಿದೆ ಅಷ್ಟೆ. ಸೇಬು ಕುಯ್ದಾಗ ಜೀವಕೋಶ ಒಡೆದು, ಒಳಗಿರೋ ಪಾಲಿಫಿನಾಲ್ ಆಕ್ಸಿಡೇಸ್ ಅನ್ನೋ ಕಿಣ್ವ ಗಾಳಿ ಜೊತೆ ಸೇರಿ ಮಾಡೋ ಕೆಲಸ ಅದು. ಬದನೆಕಾಯಿ ಹೆಚ್ಚಿಟ್ರೆ ಕಪ್ಪಾಗೋದೂ ಇದರಿಂದಲೇ. ಅದನ್ನ ಯಾರೂ ಬಿಸಾಕಲ್ಲ, ಪಲ್ಯ ಮಾಡ್ಕೊಂಡು ಬೆರಳು ನೆಕ್ತೀವಿ. ಸೇಬಿಗೆ ಮಾತ್ರ ಯಾಕೆ ಈ ಮಡಿ? ಬಿಕಾಂ ಓದ್ತಿದ್ದೀವಿ ಬೇರೆ. ಮೆಷಿನ್‌ನ ಪೇಂಟ್ ಹೋಯ್ತು ಅಂತ ಬುಕ್ ವ್ಯಾಲ್ಯೂ ಸೊನ್ನೆ ಮಾಡಿದ್ರೆ ಇಂಟರ್ನಲ್ಸ್‌ನಲ್ಲಿ ಮಾರ್ಕ್ಸೂ ಸೊನ್ನೆ.

ನಾನೇನು ಸಾಚಾ ಅಲ್ಲ. ಫಸ್ಟ್ ಇಯರ್‌ನಲ್ಲಿ ನಾನೂ ಎಸೆದಿದ್ದೆ. ಸಂಜೆ ಅಮ್ಮ ಖಾಲಿ ಡಬ್ಬಿ ನೋಡಿ "ತಿಂದ್ಯಾ? ನಾಳೆನೂ ಹಾಕ್ತೀನಿ" ಅಂದ್ರು. ನಮ್ಮನೇಲಿ ಸೇಬು ತರೋದೇ ಯಾರಿಗಾದ್ರೂ ಜ್ವರ ಬಂದಾಗ. ಅವತ್ತು ಅವರು ತಮಗೆ ಅಂತ ಒಂದು ಹೋಳೂ ಇಟ್ಕೊಂಡಿರ್ಲಿಲ್ಲ.

ಬಣ್ಣನೇ ಮುಖ್ಯ ಅನ್ನೋರು ಕೇಳಿ: ಒಂದು ಲೋಟ ನೀರಿಗೆ ಅರ್ಧ ಚಮಚ ಉಪ್ಪು, ಹೋಳು ಹಾಕಿ 10 ನಿಮಿಷ, ಆಮೇಲೆ ಬರೀ ನೀರಲ್ಲಿ ತೊಳೀರಿ. ಉಪ್ಪಿನ ಕ್ಲೋರೈಡ್ ಆ ಕಿಣ್ವದ ಕೈ ಕಟ್ಟುತ್ತೆ. ಲಂಚ್ ಬ್ರೇಕ್‌ವರೆಗೆ ಧಾರಾಳ ಸಾಕು. ಇಷ್ಟಕ್ಕೂ ಸೋಮಾರಿತನ ಪಟ್ಟವರಿಗಾಗಿಯೋ ಏನೋ, ಕೆನಡಾದ ಕಂಪನಿಯೊಂದು ಜೀನನ್ನೇ ತಿದ್ದಿ ಕಂದಾಗದ 'ಆರ್ಕ್ಟಿಕ್' ಸೇಬು ಮಾಡಿದೆ, 2015ರಲ್ಲಿ ಅಮೆರಿಕ ಒಪ್ಪಿಗೆನೂ ಕೊಡ್ತು. ಚಿಟಿಕೆ ಉಪ್ಪಿನ ಕೆಲಸಕ್ಕೆ!

ಆದ್ರೆ ಇದನ್ನ ಉಪ್ಪಿನಕಾಯಿ ಲೆಕ್ಕಕ್ಕೆ ತಗೋಬೇಡಿ. ಮಲೆನಾಡಲ್ಲಿ ಅಪ್ಪೆಮಿಡಿನ ಉಪ್ಪಲ್ಲಿ ಹಾಕಿ, ನೀರು ಬಿಟ್ಟು ಸುಕ್ಕಾಗೋವರೆಗೂ ಇಡ್ತಾರಲ್ಲ, ಅಲ್ಲಿ ಉಪ್ಪು ಬೀಳೋದು ಹಿಡಿಗಟ್ಟಲೆ. ಅದು ನೀರು ಎಳೆದು ಬ್ಯಾಕ್ಟೀರಿಯಾ ಬೆಳೆಯೋಕೆ ಬಿಡಲ್ಲ. ನಿಮ್ಮ ಅರ್ಧ ಚಮಚ ಕಾಯೋದು ಬಣ್ಣನ, ಸೇಬನ್ನಲ್ಲ. ಮೊನ್ನೆ ಕುಯ್ದದ್ದನ್ನ ಇವತ್ತು ತಿಂದು ಹೊಟ್ಟೆ ಹಿಡ್ಕೊಂಡು ನನ್ನ ಹೆಸರು ಹೇಳ್ಬೇಡಿ. ಲೋಳೆ, ಹುಳಿ ವಾಸನೆ ಇದ್ರೆ ಎಸೀರಿ, ನಾನು ತಡೆಯಲ್ಲ.

ನಾಳೆ ಬ್ರೇಕ್‌ನಲ್ಲಿ ಮೆಟ್ಟಿಲ ಹತ್ರ ಕೂತಿರ್ತೀನಿ. ಕಂದಾದ ಹೋಳು ಬೇಡ ಅನ್ಸಿದ್ರೆ ಡಸ್ಟ್‌ಬಿನ್‌ಗಿಂತ ಮೊದ್ಲು ನನ್ನ ಹತ್ರ ಬನ್ನಿ. ಉಪ್ಪು ಖಾರದ ಪೊಟ್ಟಣ ನಾನೇ ತರ್ತೀನಿ.