ದೂಷಣೆ ಕಾಲದ ಮೇಲೆ, ಹೊಣೆ ಯಾರ ಮೇಲೆ?

ಕಾಲ ಕೆಟ್ಟಿತೆಂಬ ಮಾತು ಭಾನುವಾರದ ಬಲಿಪೂಜೆ ಮುಗಿದ ಮೇಲೆ ನಮ್ಮ ದೇವಾಲಯಗಳ ಅಂಗಳದಲ್ಲಿ ತಪ್ಪದೆ ಕೇಳಿಬರುತ್ತದೆ. ಮಕ್ಕಳು ಪೂಜೆಗೆ ಬರುವುದಿಲ್ಲ, ಬಂದರೂ ಹೊರಗೆ ಮರದ ಕೆಳಗೆ ನಿಂತು ಮೊಬೈಲ್ ನೋಡುತ್ತಾರೆ, ಪಾಪನಿವೇದನೆ ಮಾಡಿ ವರ್ಷಗಳೇ ಆದವು, ಜಪಸರ ಹೇಳೋಣವೆಂದರೆ ಮುಖ ಸಿಂಡರಿಸುತ್ತಾರೆ. ಕಾರಣವನ್ನು ಕೇಳಿದರೆ ಉತ್ತರ ಸಿದ್ಧವಾಗಿಯೇ ಇರುತ್ತದೆ. ಟಿ.ವಿ., ಮೊಬೈಲ್, ಕಾಲೇಜು, ಸಹವಾಸ, ಕಂಪನಿ ಕೆಲಸ, ಒಟ್ಟಿನಲ್ಲಿ ಲೌಕಿಕ ಸಂಸ್ಕೃತಿ. ಈ ಉತ್ತರದಲ್ಲಿ ಒಂದು ಅನುಕೂಲವಿದೆ. ಅದರಲ್ಲಿ ಹೆತ್ತವರ ಹೆಸರು ಎಲ್ಲಿಯೂ ಬರುವುದಿಲ್ಲ.

ಈ ಉತ್ತರವನ್ನು ನಾನು ಒಪ್ಪಲಾರೆ. ಲೋಕ ಒಳ್ಳೆಯದೆಂದು ವಾದಿಸುವುದಕ್ಕಾಗಿ ಹೀಗೆ ಹೇಳುತ್ತಿಲ್ಲ. ಲೋಕ ಯಾವ ಕಾಲದಲ್ಲಿಯೂ ನಮ್ಮ ಮಕ್ಕಳಿಗೆ ವಿಶ್ವಾಸವನ್ನು ಕಲಿಸಿಕೊಡುವ ಹೊಣೆ ಹೊತ್ತಿರಲಿಲ್ಲ. ಹೊರದ ಹೊಣೆಗಾಗಿ ಅದನ್ನು ದೂಷಿಸಿ ಏನು ಫಲ?

ಮೊದಲು ಒಂದು ಗೊಂದಲವನ್ನು ಬಿಡಿಸಬೇಕು. ಜಾತ್ಯತೀತ ರಾಷ್ಟ್ರವೆಂದರೆ ದೇವರಿಲ್ಲದ ರಾಷ್ಟ್ರವಲ್ಲ. ನಮ್ಮ ಸಂವಿಧಾನದ 25ನೆಯ ವಿಧಿ ಪ್ರತಿಯೊಬ್ಬನಿಗೂ ತನ್ನ ಧರ್ಮವನ್ನು ನಂಬುವ, ಆಚರಿಸುವ, ಸಾರುವ ಹಕ್ಕನ್ನು ಕೊಟ್ಟಿದೆ. 28ನೆಯ ವಿಧಿಯಂತೆ ಪೂರ್ಣವಾಗಿ ಸರ್ಕಾರದ ಹಣದಿಂದ ನಡೆಯುವ ಶಾಲೆಗಳಲ್ಲಿ ಧಾರ್ಮಿಕ ಬೋಧನೆ ಇರುವಂತಿಲ್ಲ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಗಳಲ್ಲಿಯೂ ಪೋಷಕರ ಒಪ್ಪಿಗೆಯಿಲ್ಲದೆ ಮಗುವನ್ನು ಅಂಥ ಬೋಧನೆಗೆ ಕೂರಿಸುವಂತಿಲ್ಲ. ದೇವರನ್ನು ಶಾಲೆಯಿಂದ ಹೊರಗೆ ಹಾಕಿದರೆಂದು ಕೆಲವರು ಇದಕ್ಕೆ ಮರುಗುತ್ತಾರೆ. ನನಗೆ ಇದರಲ್ಲಿ ಬೇರೆಯೇ ಅರ್ಥ ಕಾಣುತ್ತದೆ. ಮಗುವಿಗೆ ಯಾವ ವಿಶ್ವಾಸವನ್ನು ಧಾರೆಯೆರೆಯಬೇಕೆಂಬುದನ್ನು ತಾನು ನಿರ್ಧರಿಸದೆ ಸರ್ಕಾರ ಅದನ್ನು ಹೆತ್ತವರ ಕೈಗೇ ಬಿಟ್ಟುಕೊಟ್ಟಿದೆ. ಕೈಗೆ ಬಂದುದನ್ನು ನಾವು ಏನು ಮಾಡಿದೆವು?

ಇನ್ನು ನಮ್ಮ ಬೀದಿಯನ್ನೇ ನೋಡಿ. ಆಟೊರಿಕ್ಷಾದಲ್ಲಿ ದೇವರ ಪಟ, ಅಂಗಡಿಯ ಗಲ್ಲದ ಮೇಲೆ ಊದುಬತ್ತಿ, ಆಯುಧಪೂಜೆಯ ದಿನ ಕಚೇರಿಯ ಕಂಪ್ಯೂಟರಿಗೂ ಹೂವು, ರಂಜಾನ್ ತಿಂಗಳಿನಲ್ಲಿ ದಿನವಿಡೀ ನೀರನ್ನೂ ಮುಟ್ಟದ ಸಹಪಾಠಿ. ದೇವರಿಲ್ಲವೆಂದು ಹೇಳುವವರು ಈ ಬೀದಿಯಲ್ಲಿ ಎಷ್ಟು ಮಂದಿ? ಯೂರೋಪಿನ ಬರಿದಾದ ದೇವಾಲಯಗಳನ್ನು ಕಂಡು ಅಲ್ಲಿಯವರು ಬರೆದ ಶೋಕಗೀತೆಯನ್ನು ನಾವು ಕಡ ತಂದು ಹಾಡುತ್ತಿದ್ದೇವೆ. ಮಾಲೆ ಹಾಕಿ ಶಬರಿಮಲೆಗೆ ಹೊರಟ ಗೆಳೆಯನಿಂದ ನಮ್ಮ ಹುಡುಗನ ವಿಶ್ವಾಸ ಕೆಡುತ್ತದೆಂದು ನಾನು ನಂಬುವುದಿಲ್ಲ. ಆ ಗೆಳೆಯ ವ್ರತ ಹಿಡಿದು ಬರಿಗಾಲಿನಲ್ಲಿ ನಡೆಯುವುದನ್ನು ಕಂಡು, ತಪಸ್ಸುಕಾಲದ ಶುಕ್ರವಾರವೂ ತನ್ನ ಮನೆಯಲ್ಲಿ ಯಾವುದೂ ಬದಲಾಗದೇ ಇರುವುದನ್ನೂ ಕಂಡಾಗ ಅವನಿಗೆ ಏನನ್ನಿಸೀತು ಎಂಬುದೇ ನನ್ನ ಚಿಂತೆ.

ಹಾಗಾದರೆ ಈ ಲೌಕಿಕತೆ ಎಲ್ಲಿದೆ? ನಮ್ಮ ಮನೆಗಳಲ್ಲಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ವೇಳಾಪಟ್ಟಿಯಲ್ಲಿದೆ. ಎಂಟನೆಯ ತರಗತಿಯಿಂದಲೇ ಫೌಂಡೇಶನ್ ಕೋರ್ಸು, ಹತ್ತಕ್ಕೆ ಬಂದರೆ ಟ್ಯೂಷನ್, ಪಿ.ಯು.ಸಿ.ಗೆ ಬಂದರೆ ಸಿ.ಇ.ಟಿ., ನೀಟ್ ಕೋಚಿಂಗು. ಇವುಗಳ ಟೆಸ್ಟು ಹೆಚ್ಚಾಗಿ ಭಾನುವಾರ ಬೆಳಗ್ಗೆಯೇ. ಮಗು ಟೆಸ್ಟಿಗೆ ತಪ್ಪಿಸಿಕೊಂಡರೆ ಮನೆಯಲ್ಲಿ ಮೂರು ದಿನ ಮೌನ, ಬಲಿಪೂಜೆಗೆ ತಪ್ಪಿಸಿಕೊಂಡರೆ ಯಾರೂ ಗಮನಿಸುವುದಿಲ್ಲ. ಧರ್ಮೋಪದೇಶ ತರಗತಿಗೆ ಬಾರದ ಮಗುವಿನ ತಾಯಿ ಉಪದೇಶಕರಿಗೆ, ಪರೀಕ್ಷೆ ಮುಗಿಯಲಿ ಟೀಚರ್, ಆಮೇಲೆ ಕಳಿಸುತ್ತೇನೆ ಎಂದು ನಮ್ರತೆಯಿಂದಲೇ ಹೇಳುತ್ತಾರೆ. ಆ ತಾಯಿ ದೇವಭಕ್ತೆಯೇ, ಸಂದೇಹವಿಲ್ಲ. ಆದರೆ ಆ ಮಾತನ್ನು ಪಕ್ಕದಲ್ಲಿ ನಿಂತು ಕೇಳುವ ಮಗು ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ಕಲಿತುಬಿಡುತ್ತದೆ. ಆ ಪಾಠಕ್ಕೆ ಪುಸ್ತಕ ಬೇಕಾಗಿಲ್ಲ.

ನಮ್ಮ ಭಾಷೆಯೇ ಇದಕ್ಕೆ ಸಾಕ್ಷಿ. ದೇವಾಲಯದಲ್ಲಿ ಕ್ರಿಸ್ತರನ್ನು ನಾವು ಲೋಕೋದ್ಧಾರಕ ಎನ್ನುತ್ತೇವೆ. ಉದ್ಧಾರವೆಂದರೆ ಪಾಪದಿಂದ ಬಿಡುಗಡೆ, ದೇವರೊಂದಿಗೆ ಬಾಳು. ಮನೆಯಲ್ಲಿ ಮಗು ಅದೇ ಪದವನ್ನು ಯಾವಾಗ ಕೇಳುತ್ತದೆ? 'ಹೀಗೆ ಓದಿದರೆ ನೀನು ಉದ್ಧಾರ ಆದ ಹಾಗೆಯೇ' ಎಂದು ಬೈಯುವಾಗ. ಅಂಕಪಟ್ಟಿಯನ್ನು ಕೈಯಲ್ಲಿ ಹಿಡಿದು ನಾವು ಆಡುವ ಈ ಮಾತಿನಲ್ಲಿ ನಮ್ಮ ನಿಜವಾದ ವಿಶ್ವಾಸಪ್ರಮಾಣವಿದೆ. ಭಾನುವಾರ ಎದ್ದುನಿಂತು ಹೇಳುವ ವಿಶ್ವಾಸಪ್ರಮಾಣವನ್ನು ಮಗು ವಾರಕ್ಕೊಮ್ಮೆ ಕೇಳುತ್ತದೆ. ಇದನ್ನು ದಿನವೂ ಕೇಳುತ್ತದೆ.

ಹಾಗೆಂದು ಓದು ಬೇಡವೆಂದು ಯಾರೂ ಹೇಳುವುದಿಲ್ಲ. ಈ ನಾಡಿನಲ್ಲಿ ಊರೂರಿಗೆ ಶಾಲೆ ತೆರೆದ ಧರ್ಮಸಭೆಯ ಮಕ್ಕಳು ನಾವು. ಮಗಳು ವೈದ್ಯೆಯಾಗಬೇಕೆಂಬ ಆಸೆ ತಪ್ಪಲ್ಲ. ಆದರೆ ಅವಳು ಏಕೆ ವೈದ್ಯೆಯಾಗಬೇಕು, ಯಾರಿಗಾಗಿ ಆಗಬೇಕು ಎಂಬ ಮಾತು ಊಟದ ಹೊತ್ತಿನಲ್ಲಿ ಒಮ್ಮೆಯಾದರೂ ಬಂದಿದೆಯೇ? ಆ ಮಾತು ಬಂದ ಮನೆಯಲ್ಲಿ ನೀಟ್ ಪುಸ್ತಕವೂ ಪ್ರಾರ್ಥನೆಗೆ ಅಡ್ಡ ಬಾರದು.

ಹೆತ್ತವರು ಈ ಹೊಣೆಯನ್ನು ತಾವಾಗಿಯೇ ಹೊತ್ತರೆಂಬುದನ್ನು ಇಲ್ಲಿ ನೆನಪಿಸಬೇಕು. ವಿವಾಹದ ದಿನ ಪೀಠದ ಮುಂದೆ ಗುರುಗಳು, ದೇವರು ಕೊಡುವ ಮಕ್ಕಳನ್ನು ಕ್ರಿಸ್ತರ ಮಾರ್ಗದಲ್ಲಿ ಬೆಳೆಸುವಿರಾ ಎಂಬ ಅರ್ಥದ ಪ್ರಶ್ನೆಯನ್ನು ಕೇಳಿದರು, ನಾವು ಒಪ್ಪಿದೆವು. 1969ರಲ್ಲಿ ಪರಿಷ್ಕೃತವಾದ ಶಿಶುಗಳ ಜ್ಞಾನಸ್ನಾನದ ವಿಧಿಯಲ್ಲಿ ಈ ಹೊಣೆಯ ಭಾರ ತಿಳಿದಿದೆಯೇ ಎಂದು ಹೆತ್ತವರನ್ನು ಮತ್ತೆ ಕೇಳಲಾಗುತ್ತದೆ. ಅಲ್ಲಿಯೂ ಒಪ್ಪಿದೆವು. ಪಾಸ್ಖ ಮೇಣದಬತ್ತಿಯಿಂದ ಹೊತ್ತಿಸಿದ ದೀಪವನ್ನು ಮಗುವಿನ ಪರವಾಗಿ ಕೈಯಲ್ಲಿ ಹಿಡಿದೆವು, ಫೋಟೊ ತೆಗೆಸಿಕೊಂಡೆವು. ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಹೆತ್ತವರನ್ನೇ ಮಕ್ಕಳ ಮೊದಲ ಶಿಕ್ಷಕರೆಂದು ಕರೆಯಿತು. 1983ರ ಧರ್ಮಸಭಾ ಕಾನೂನು ನುಡಿಯಿಂದಲೂ ನಡೆಯಿಂದಲೂ ಮಕ್ಕಳನ್ನು ವಿಶ್ವಾಸದಲ್ಲಿ ರೂಪಿಸುವ ಕರ್ತವ್ಯವನ್ನು ಎಲ್ಲರಿಗಿಂತ ಮೊದಲು ಅವರ ಮೇಲೆಯೇ ಇರಿಸಿತು. ನಾವಾದರೋ ಆ ಕರ್ತವ್ಯವನ್ನು ಗುತ್ತಿಗೆಗೆ ಕೊಟ್ಟೆವು. ವಾರದ 168 ಗಂಟೆಗಳಲ್ಲಿ ಒಂದು ಗಂಟೆಯ ತರಗತಿಗೆ! ಮಗುವನ್ನು ಗೇಟಿನ ಬಳಿ ಸ್ಕೂಟರಿನಿಂದ ಇಳಿಸಿ, ತರಗತಿ ಮುಗಿಯುವವರೆಗೆ ಮಟನ್ ಅಂಗಡಿಯ ಸಾಲಿನಲ್ಲಿ ನಿಂತು ಬರುವ ತಂದೆಗೆ, ಒಂದು ಗಂಟೆಯಲ್ಲಿ ಆ ಯುವತಿ ಉಪದೇಶಕಿ ತನ್ನ ಮಗನನ್ನು ಸಂತನನ್ನಾಗಿ ಮಾಡಿಲ್ಲವೆಂಬ ಅಸಮಾಧಾನ. ದೃಢೀಕರಣ ಸಂಸ್ಕಾರ ಬೀಳ್ಕೊಡುಗೆ ಸಮಾರಂಭವಾಗಿದೆಯೆಂದು ಗುರುಗಳು ನಗುತ್ತ ಹೇಳುವುದುಂಟು. ಅದು ನಗುವ ಮಾತಲ್ಲ.

ಸುತ್ತಣ ಸಂಸ್ಕೃತಿ ಎದುರಾಗಿದ್ದರೆ ವಿಶ್ವಾಸ ಉಳಿಯದೆಂಬ ವಾದಕ್ಕೆ ಚರಿತ್ರೆಯ ಬೆಂಬಲವೂ ಇಲ್ಲ. ಸಂತ ಪೌಲರ ಪ್ರಿಯ ಶಿಷ್ಯ ತಿಮೊಥೆಯ ಹೆಸರು ಲುಸ್ತ್ರ ಪಟ್ಟಣದೊಡನೆ ಬೆಸೆದುಕೊಂಡಿದೆ. ಅದು ಎಂಥ ಊರು? ಕುಂಟನೊಬ್ಬ ಗುಣವಾದುದನ್ನು ಕಂಡು ಜನ ಬಾರ್ನಬನನ್ನು ತಮ್ಮ ಮಹಾದೇವತೆಯೆಂದೂ ಪೌಲರನ್ನು ದೇವದೂತನಾದ ಇನ್ನೊಬ್ಬ ದೇವತೆಯೆಂದೂ ಕರೆದು ಬಲಿಕೊಡಲು ಹೋರಿಗಳನ್ನೇ ತಂದ ಊರು. ಅದೇ ಊರಿನಲ್ಲಿ ಆಮೇಲೆ ಪೌಲರಿಗೆ ಕಲ್ಲೆಸೆದರು. ಪ್ರೇಷಿತರ ಕಾರ್ಯಕಲಾಪಗಳಲ್ಲಿ ಇದೆಲ್ಲ ಇದೆ. ತಿಮೊಥೆಯ ತಂದೆ ಗ್ರೀಕನು. ಅಲ್ಲಿ ಕ್ರೈಸ್ತ ಶಾಲೆಯಿರಲಿಲ್ಲ, ಯುವಜನರ ಶಿಬಿರವಿರಲಿಲ್ಲ. ಆತನಿಗೆ ಬರೆದ ಎರಡನೆಯ ಪತ್ರದ ಆರಂಭದಲ್ಲಿ ಪೌಲರು ಆತನ ವಿಶ್ವಾಸದ ಮೂಲವನ್ನು ಗುರುತಿಸುವುದು ಅಜ್ಜಿ ಲೋವಿಯಲ್ಲಿ, ತಾಯಿ ಯೂನಿಕೆಯಲ್ಲಿ. ಬೇರೆ ಯಾರ ಹೆಸರನ್ನೂ ಅವರು ಹೇಳುವುದಿಲ್ಲ.

ಜಪಾನಿನ ವೃತ್ತಾಂತ ಇನ್ನೂ ಕಠಿಣವಾದುದು. 1614ರಲ್ಲಿ ಅಲ್ಲಿನ ಆಡಳಿತ ಕ್ರೈಸ್ತ ಧರ್ಮವನ್ನು ನಿಷೇಧಿಸಿ ಗುರುಗಳನ್ನು ಹೊರದೂಡಿತು. ಕ್ರಿಸ್ತರ ಮತ್ತು ಮರಿಯಮ್ಮನವರ ಚಿತ್ರಗಳನ್ನು ಕಾಲಿನಿಂದ ತುಳಿಸಿ ಜನರನ್ನು ಪರೀಕ್ಷಿಸಲಾಗುತ್ತಿತ್ತು. ಎರಡು ಶತಮಾನಗಳಿಗೂ ಮಿಕ್ಕಿ ಆ ಜನರಿಗೆ ಗುರುಗಳಿಲ್ಲ, ಬಲಿಪೂಜೆಯಿಲ್ಲ, ಪಾಪನಿವೇದನೆಯಿಲ್ಲ. 1865ರ ಮಾರ್ಚ್ 17ರಂದು ನಾಗಸಾಕಿಯಲ್ಲಿ ವಿದೇಶೀಯರಿಗಾಗಿ ಆಗಷ್ಟೇ ಕಟ್ಟಿದ್ದ ದೇವಾಲಯಕ್ಕೆ ಕೆಲವರು ಹಳ್ಳಿಗರು ಬಂದರು. ತಮ್ಮ ವಿಶ್ವಾಸವೂ ಇದೇ ಎಂದು ಗುರುಗಳ ಬಳಿ ಮೆಲ್ಲನೆ ತಿಳಿಸಿ, ಮರಿಯಮ್ಮನವರ ಪ್ರತಿಮೆ ಎಲ್ಲಿದೆಯೆಂದು ಕೇಳಿದರು. ಆ ಗುರು ಪೆತಿಜ್ಯಾನ್, ನಮ್ಮ ಮೈಸೂರು ಸೀಮೆಯಲ್ಲಿಯೂ ದುಡಿದ ಪ್ಯಾರಿಸ್ ವಿದೇಶೀ ಮಿಷನ್ ಸಂಸ್ಥೆಗೆ ಸೇರಿದವರು. ಅಷ್ಟು ದೀರ್ಘ ಕಾಲ ಜ್ಞಾನಸ್ನಾನ ಕೊಟ್ಟವರು, ಹಬ್ಬದ ದಿನಗಳ ಲೆಕ್ಕ ಇಟ್ಟವರು, ಪ್ರಾರ್ಥನೆಗಳನ್ನು ಬಾಯಿಂದ ಬಾಯಿಗೆ ದಾಟಿಸಿದವರು ರೈತರು, ಬೆಸ್ತರು, ಮನೆಯ ತಾಯಂದಿರು. ಅಂಥ ಕತ್ತಲಲ್ಲಿ ಉಳಿದುದು ನಮ್ಮ ಬೆಳಕಿನಲ್ಲಿ ನಂದುತ್ತಿದ್ದರೆ ತಪ್ಪನ್ನು ಗಾಳಿಯ ಮೇಲೆ ಹೊರಿಸಬಹುದೇ?

ಬಾಯಿಂದ ಬಾಯಿಗೆ ಎಂದೆ. ಇಂದು ನಮ್ಮ ಮನೆಗಳಲ್ಲಿ ಕಡಿದುಹೋಗಿರುವುದು ಈ ದಾರಿಯೇ. ಅಜ್ಜಿ ಕನ್ನಡದಲ್ಲಿ ಜಪಸರ ಹೇಳುತ್ತಾರೆ, ಮೊಮ್ಮಗ ಶಾಲೆಯಲ್ಲಿ ಕಲಿತ ಇಂಗ್ಲಿಷ್ ಪ್ರಾರ್ಥನೆಯನ್ನು ಹೇಳುತ್ತಾನೆ. ಇಬ್ಬರೂ ಒಂದೇ ದೇವರನ್ನು ಕರೆಯುತ್ತಾರೆ, ಒಟ್ಟಿಗೆ ಕರೆಯಲಾರರು. ಕೊನೆಗೆ ಅಜ್ಜಿ ತಮ್ಮ ಕೋಣೆಯಲ್ಲಿ ಒಬ್ಬರೇ, ಮೊಮ್ಮಗ ಎಲ್ಲಿಯೂ ಇಲ್ಲ. ಮಹಾಸಭೆ 1963ರಲ್ಲಿ ಜನರ ಭಾಷೆಗೆ ಬಾಗಿಲು ತೆರೆದ ಮೇಲೆ ಲತೀನ್ ಹೋಗಿ ಕನ್ನಡ ಬಂತು, ನಮ್ಮ ಹಿರಿಯರು ಆನಂದಪಟ್ಟರು. ಎರಡು ತಲೆಮಾರು ಕಳೆಯುವಷ್ಟರಲ್ಲಿ ಆ ಕನ್ನಡವೇ ನಮ್ಮ ಮಕ್ಕಳಿಗೆ ಲತೀನ್ ಆಗಿದೆ. ಕೃಪಾವರ, ಪರಿಹಾರ, ಪುನರುತ್ಥಾನ ಎಂಬ ಪದಗಳು ತಲೆಯ ಮೇಲೆ ಹಾದುಹೋಗುತ್ತವೆ. ಇಂಗ್ಲಿಷ್ ಶಾಲೆ ಬೇಡವೆಂದು ನಾನು ವಾದಿಸುತ್ತಿಲ್ಲ. ಮನೆಮಾತು ಕೊಂಕಣಿಯಿರಲಿ, ತಮಿಳಿರಲಿ, ಕನ್ನಡವಿರಲಿ, ಅಜ್ಜಿ ಅತ್ತು ಪ್ರಾರ್ಥಿಸಿದ ಭಾಷೆಯನ್ನು ಮೊಮ್ಮಕ್ಕಳಿಗೆ ಕೊಡದೆ ಅಜ್ಜಿಯ ವಿಶ್ವಾಸವನ್ನು ಮಾತ್ರ ಕೊಡಬಹುದೆಂದು ಭಾವಿಸುವುದು ಹೇಗೆ?

ಕರಾವಳಿಯ ನಮ್ಮ ಕುಟುಂಬಗಳು ಆಚರಿಸುವ ಮೊಂತಿ ಹಬ್ಬ ಸೆಪ್ಟೆಂಬರ್ 8ರಂದು ಬರುತ್ತದೆ. ಒಂಬತ್ತು ದಿನ ಮಕ್ಕಳು ಮರಿಯಮ್ಮನವರಿಗೆ ಹೂ ಒಯ್ಯುತ್ತಾರೆ. ಹಬ್ಬದ ದಿನ ಆಶೀರ್ವದಿಸಿದ ಹೊಸ ತೆನೆ ಮನೆಗೆ ಬರುತ್ತದೆ, ಹಿರಿಯರು ಕಾಳು ಸುಲಿದು ಹಾಲಿಗೋ ಪಾಯಸಕ್ಕೋ ಬೆರೆಸಿ ಎಲ್ಲರಿಗೂ ಹಂಚುತ್ತಾರೆ. ಆ ಒಂದು ಊಟದಲ್ಲಿ ಸೃಷ್ಟಿಕರ್ತನಿಗೆ ಕೃತಜ್ಞತೆಯೂ ಮಾತೆಯ ಗೌರವವೂ ಮನೆಯ ಒಗ್ಗಟ್ಟೂ ಮಗುವಿನ ನಾಲಗೆಗೆ ಇಳಿಯುತ್ತವೆ. ಇದನ್ನು ಯಾವ ತರಗತಿ ಕಲಿಸೀತು? ಈಜಿಪ್ಟಿನಿಂದ ಹೊರಟ ಇಸ್ರಯೇಲರಿಗೂ ದೇವರು ಮೊದಲು ಕೊಟ್ಟದ್ದು ಮನೆಯೊಳಗಿನ ಒಂದು ಊಟವನ್ನೇ. ಇದೇನೆಂದು ಮಕ್ಕಳು ಕೇಳುವರು, ಆಗ ತಂದೆ ಹೇಳಬೇಕು ಎಂಬುದು ಅಲ್ಲಿನ ಕ್ರಮ. ನಮ್ಮಲ್ಲಿ ಮಗು ಕೇಳಿದರೆ ದೊರೆಯುವ ಉತ್ತರ, 'ಸುಮ್ಮನಿರು, ಫಾದರ್ ಅವರನ್ನು ಕೇಳು.'

ನನ್ನ ವಾದಕ್ಕೆ ಒಂದು ನ್ಯಾಯವಾದ ಆಕ್ಷೇಪಣೆಯಿದೆ. ಗಾರ್ಮೆಂಟ್ಸ್ ಕಾರ್ಖಾನೆಯಿಂದ ಕತ್ತಲಾದ ಮೇಲೆ ಬಸ್ಸಿನಲ್ಲಿ ನಿಂತು ಬರುವ ತಾಯಿಗೆ, ಕೊಲ್ಲಿ ದೇಶದಲ್ಲಿ ದುಡಿಯುವ ತಂದೆಗೆ ಏನು ಹೇಳುವುದು? ಅಂಥ ತಾಯಿ ಒಲೆಯ ಮುಂದೆ ಶಿಲುಬೆಯ ಗುರುತು ಹಾಕಿ ಅನ್ನಕ್ಕೆ ಇಡುವುದನ್ನು ಕಂಡ ಮಗು ಕಲಿಯದೇ ಇರುವುದಿಲ್ಲ. ನನ್ನ ಜಗಳವಿರುವುದು ಧಾರಾವಾಹಿಗೆ ಸಮಯವಿದ್ದು ಪ್ರಾರ್ಥನೆಗೆ ಇಲ್ಲದವರೊಡನೆ. ಇನ್ನು, ಎಲ್ಲವನ್ನೂ ಮಾಡಿದ ಮೇಲೆಯೂ ಮಗ ದೂರವಾದ ಮನೆಗಳಿವೆ. ದುಂದುಗಾರ ಮಗನ ತಂದೆಯಲ್ಲಿಯೂ ಕೊರತೆಯಿರಲಿಲ್ಲ. ಅಂಥ ಹೆತ್ತವರನ್ನು ದೂರುವ ಹಕ್ಕು ಯಾರಿಗೂ ಇಲ್ಲ. ಆ ತಂದೆ ದಾರಿ ಕಾಯುತ್ತಿದ್ದ ಮನೆಯೊಂದು ಇತ್ತೆಂಬುದರಿಂದಲೇ ಮಗನಿಗೆ ಮರಳಲು ಜಾಗವಿತ್ತು.

ಜೂನ್ ತಿಂಗಳಿನಲ್ಲಿ ಧರ್ಮೋಪದೇಶ ತರಗತಿಗಳು ತೆರೆಯುವಾಗ ನಮ್ಮ ಪಾಲನಾ ಪರಿಷತ್ತುಗಳು ಪಠ್ಯಪುಸ್ತಕ, ಬಹುಮಾನ, ವಾರ್ಷಿಕೋತ್ಸವಗಳ ಕುರಿತು ಚರ್ಚಿಸುತ್ತವೆ. ಈ ಬಾರಿ ಇನ್ನೊಂದು ವಿಷಯ ಚರ್ಚೆಗೆ ಬರಲಿ. ಪ್ರಥಮ ಪರಮಪ್ರಸಾದಕ್ಕೂ ದೃಢೀಕರಣಕ್ಕೂ ಸಿದ್ಧರಾಗುವ ಮಕ್ಕಳ ಹೆತ್ತವರು ತಿಂಗಳಿಗೊಂದು ಭಾನುವಾರ ಅದೇ ಬೆಂಚುಗಳ ಮೇಲೆ ಕುಳಿತು, ಮಗು ಆ ತಿಂಗಳು ಕಲಿತ ಪಾಠವನ್ನೇ ಕಲಿಯಲಿ. ಹಾಜರಿ ಪುಸ್ತಕದಲ್ಲಿ ಅವರ ಹೆಸರಿಗೂ ಒಂದು ಸಾಲಿರಲಿ. ಹಾಗೆ ಮಾಡಿದರೆ ಅರ್ಧದಷ್ಟು ಮಂದಿ ಮಕ್ಕಳನ್ನೇ ಕಳಿಸಲಾರರೆಂದು ಕೆಲವರು ಎಚ್ಚರಿಸಬಹುದು. ಕಳಿಸದೇ ಇರುವವರು ಯಾರೆಂದು ಆಗ ತಿಳಿಯುತ್ತದೆ. ಧರ್ಮಕೇಂದ್ರದ ಗುರುಗಳೂ ಉಪದೇಶಕರೂ ಮೊದಲು ಹೋಗಿ ತಟ್ಟಬೇಕಾದ ಬಾಗಿಲುಗಳು ಅವೇ.