ನೆರೆಮನೆಯ ಹಿತ್ತಲಿಗೆ ತೆರೆದ ಕಿಟಕಿ



ಧಾರವಾಡ ಸೀಮೆಯ ಗೃಹಸ್ಥರೊಬ್ಬರು ನಮಗೊಂದು ದೀರ್ಘವಾದ ಪತ್ರ ಬರೆದಿದ್ದಾರೆ. ಅವರ ನೆರೆಮನೆಯವರೂ ನಮ್ಮ ಸಮಾಜದವರೇ. ಎರಡು ತಲೆಮಾರಿನಿಂದ ಹಬ್ಬ ಹುಣ್ಣಿಮೆಗಳಲ್ಲಿ ಕೊಟ್ಟುಕೊಂಡು ಬಾಳಿದವರು. ಈಗ ಅವರು ತಮ್ಮ ಮಹಡಿಯ ಪಕ್ಕದ ಗೋಡೆಯಲ್ಲಿ ಮೊದಲು ಗೇಣಗಲವಿದ್ದ ಗವಾಕ್ಷವನ್ನು ಒಡೆದು, ನಾಲ್ಕು ಅಡಿಯ ಕಿಟಕಿಯನ್ನು ಇರಿಸಿದ್ದಾರೆ. ಅಲ್ಲಿ ನಿಂತರೆ ಪತ್ರ ಬರೆದವರ ಹಿತ್ತಲು, ಬಚ್ಚಲ ಬಾಗಿಲು, ಹೆಣ್ಣುಮಕ್ಕಳು ತಲೆ ಆರಿಸಿಕೊಳ್ಳುವ ಕಟ್ಟೆ ಎಲ್ಲವೂ ಕಾಣುತ್ತವೆ. ಕೇಳಿದ್ದಕ್ಕೆ "ಪರವಾನಗಿ ಇದೆ" ಎಂದು ಮುದ್ರೆಯೊತ್ತಿದ ನಕ್ಷೆಯನ್ನು ತೋರಿಸಿದರಂತೆ. ಪುರಸಭೆಯಲ್ಲಿ ವಿಚಾರಿಸಿದರೆ "ನಕ್ಷೆಯಂತೆಯೇ ಇದೆ" ಎಂಬ ಉತ್ತರ ಬಂದಿತಂತೆ. ಇನ್ನು ನ್ಯಾಯಾಲಯದ ಮೆಟ್ಟಿಲು ಹತ್ತಬೇಕೆ, ಇಲ್ಲವೆ ನಮ್ಮ ಜಾಗದಲ್ಲಿಯೇ ಗೋಡೆಯನ್ನೆತ್ತಿ ಆ ಕಿಟಕಿಯನ್ನು ಮುಚ್ಚಿಬಿಡಬೇಕೆ ಎಂಬುದು ಅವರ ಪ್ರಶ್ನೆ. ಎರಡು ಮನೆಗಳ ನಡುವೆ ಮಾತು ನಿಂತು ಮೂರು ತಿಂಗಳಾಗಿವೆ.

ನಾವು ವಕೀಲರಲ್ಲ. ಆದರೂ ಈ ಪ್ರಶ್ನೆಯನ್ನು ಹಗುರವಾಗಿ ಕಾಣಲು ನಮಗೆ ಸಾಧ್ಯವಾಗದು. ಅದಕ್ಕೆ ಕಾರಣವನ್ನು ಮುಂದೆ ಹೇಳುತ್ತೇವೆ.

ಮೊದಲು ಪರವಾನಗಿಯ ಮಾತು. ಪಟ್ಟಣಗಳಲ್ಲಿ ಮನೆ ಕಟ್ಟುವುದಕ್ಕೂ ಇದ್ದ ಮನೆಯ ಹೊರರೂಪವನ್ನು ಬದಲಿಸುವುದಕ್ಕೂ 1964ರ ಕರ್ನಾಟಕ ಪೌರಸಭೆಗಳ ಅಧಿನಿಯಮದಂತೆ ಅನುಮತಿ ಬೇಕು. ಆ ಅನುಮತಿಯನ್ನು ಕೊಡುವವರು ನೋಡುವುದು ಎತ್ತರವೆಷ್ಟು, ಸುತ್ತ ಬಿಟ್ಟ ಜಾಗವೆಷ್ಟು, ಗಾಳಿ ಬೆಳಕು ಸಾಕೆ ಎಂಬುದನ್ನು. ಆ ಕಿಟಕಿಯಿಂದ ಯಾರ ಬಚ್ಚಲು ಕಾಣುತ್ತದೆ ಎಂಬ ಪ್ರಶ್ನೆ ಸಾಮಾನ್ಯವಾಗಿ ಆ ಕಾಗದಗಳಲ್ಲಿ ಏಳುವುದೇ ಇಲ್ಲ. ಆದುದರಿಂದ ಮುದ್ರೆಯೊತ್ತಿದ ನಕ್ಷೆಯು ಸರಕಾರದ ಒಪ್ಪಿಗೆಯೇ ಹೊರತು ನೆರೆಯವರ ಒಪ್ಪಿಗೆಯಲ್ಲ.

ಇಂಗ್ಲೆಂಡಿನಲ್ಲಿ ಪದ್ಧತಿ ಬೇರೆ. ಅಲ್ಲಿ ಅನುಮತಿಗೆ ಅರ್ಜಿ ಬಂದೊಡನೆ ಅಕ್ಕಪಕ್ಕದವರಿಗೆ ತಿಳಿಯಪಡಿಸುತ್ತಾರೆ. ನಮ್ಮ ಮನೆಯೊಳಗು ಕಾಣುತ್ತದೆ ಎಂಬ ಆಕ್ಷೇಪವನ್ನು ಅಧಿಕಾರಿಗಳು ತೂಗಿ ನೋಡಬೇಕಾಗುತ್ತದೆ. ಅರ್ಜಿಯಿಲ್ಲದೆಯೇ ಮಾಡಬಹುದಾದ ಬದಲಾವಣೆಗಳಿಗೂ ಅಲ್ಲೊಂದು ಕಟ್ಟಳೆಯಿದೆ: ಮಹಡಿಯ ಪಕ್ಕದ ಗೋಡೆಯ ಕಿಟಕಿಗೆ ಮಸುಕು ಗಾಜು ಇರಬೇಕು, ನೆಲದಿಂದ 1.7 ಮೀಟರಿಗಿಂತ ಕೆಳಗಿನ ಭಾಗ ತೆರೆಯಬಾರದು. ನಮ್ಮ ಅಳತೆಯಲ್ಲಿ ಸುಮಾರು ಐದು ಅಡಿ ಏಳು ಅಂಗುಲ. ಈ ಅಳತೆಯನ್ನು ಓದುಗರು ನೆನಪಿನಲ್ಲಿಡಬೇಕು.

ವಿಚಿತ್ರವೆಂದರೆ, ಅನುಮತಿಯ ವಿಷಯದಲ್ಲಿ ಇಷ್ಟು ಎಚ್ಚರವಿರುವ ಆ ದೇಶದ ಹಳೆಯ ನ್ಯಾಯವು ಇಣುಕುವ ಕಿಟಕಿಯನ್ನು ತಪ್ಪೆಂದು ಎಣಿಸಲಿಲ್ಲ. ಬೇಡವಾದರೆ ನಿನ್ನ ನೆಲದಲ್ಲಿ ಗೋಡೆ ಕಟ್ಟಿಕೊ ಎಂದಿತು. ಲಂಡನ್ನಿನ ಟೇಟ್ ಮಾಡರ್ನ್ ಕಲಾಸಂಗ್ರಹಾಲಯದ ವೀಕ್ಷಣಾ ಮೊಗಸಾಲೆಯಿಂದ ಎದುರಿನ ಗಾಜಿನ ಮನೆಗಳ ಒಳಗೆಲ್ಲ ಜನರು ನೋಡುತ್ತಿದ್ದ ಪ್ರಕರಣದಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು 2023ರಲ್ಲಿ ಮನೆಯವರ ಪರವಾಗಿ ತೀರ್ಪಿತ್ತಿತು. ಆದರೆ ಬರಿಯ ಕಿಟಕಿಯೊಂದು ತಮ್ಮ ಕಡೆಗೆ ತೆರೆದಿದೆ ಎಂಬುದಷ್ಟೇ ದಾವೆಗೆ ಸಾಲದೆಂಬುದನ್ನು ಉಳಿಸಿಕೊಂಡಿತು. (2015ರಲ್ಲಿ ಅನಾವರಣಗೊಂಡ ನಮ್ಮ ಬಸವಣ್ಣನವರ ಪ್ರತಿಮೆಯೂ ಥೇಮ್ಸ್ ನದಿಯ ಅದೇ ದಂಡೆಯ ಮೇಲಿದೆ, ದರ್ಶನಕ್ಕೆ ಹೋಗಿಬಂದವರಿಗೆ ಆ ಪ್ರದೇಶದ ಪರಿಚಯವಿದ್ದೀತು.)

ನಮ್ಮ ದೇಶದಲ್ಲಿಯೋ, ಕಾಯಿದೆಯೇ ಈ ಮಾತನ್ನು ಎತ್ತಿದೆ. ಒಬ್ಬರ ಸ್ವತ್ತಿನ ಮೇಲೆ ಇನ್ನೊಬ್ಬರಿಗೆ ಇರುವ ಹಕ್ಕುಗಳನ್ನು ಹೇಳುವ 1882ರ ಈಸ್‌ಮೆಂಟ್ ಕಾಯಿದೆಯ 18ನೆಯ ಕಲಮಿನಲ್ಲಿ ಒಂದು ಉದಾಹರಣೆಯಿದೆ. ನೆರೆಯವರ ಮರೆಗೆ ಭಂಗ ಬರುವಂತೆ ಹೊಸ ಕಿಟಕಿಯನ್ನು ತೆರೆಯಬಾರದೆಂಬ ರೂಢಿ ಒಂದು ಪಟ್ಟಣದಲ್ಲಿದ್ದರೆ, ಆ ರೂಢಿಯೇ ಎರಡೂ ಮನೆಯವರಿಗೆ ಹಕ್ಕಾಗುತ್ತದೆ ಎಂಬುದು ಅದರ ತಾತ್ಪರ್ಯ. 1891ರಲ್ಲಿ ಈ ಕಾಯಿದೆಯನ್ನು ಮುಂಬಯಿ ಪ್ರಾಂತಕ್ಕೆ ವಿಸ್ತರಿಸಿದಾಗ, ಅಂದು ಆ ಪ್ರಾಂತದಲ್ಲಿದ್ದ ಧಾರವಾಡ, ಬೆಳಗಾವಿ, ವಿಜಾಪುರ ಜಿಲ್ಲೆಗಳಿಗೂ ಅದು ಬಂದಿತು. ಅಲಹಾಬಾದಿನ ಉಚ್ಚ ನ್ಯಾಯಾಲಯವು 1888ರಲ್ಲಿಯೇ ಇಂತಹ ರೂಢಿಯನ್ನು ಒಪ್ಪಿತ್ತು; ಗುಜರಾತಿನ ಪ್ರಕರಣಗಳಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವೂ ಒಪ್ಪಿತು; ಮದರಾಸಿನದು ಒಪ್ಪಲಿಲ್ಲ. ರೂಢಿಯನ್ನು ಸಾಕ್ಷಿಗಳಿಂದ ಸಿದ್ಧಪಡಿಸುವ ಹೊಣೆಯು ದಾವೆ ಹೂಡಿದವರದು. ನಮ್ಮ ಹಳೆಯ ಮಾಳಿಗೆ ಮನೆಗಳಲ್ಲಿ ಬೆಳಕು ಮೇಲಿನ ಬೆಳಕಿಂಡಿಯಿಂದ ಇಳಿಯುತ್ತಿತ್ತಲ್ಲದೆ ನೆರೆಯ ಗೋಡೆಯಿಂದ ಬರುತ್ತಿರಲಿಲ್ಲ. ಅದು ರೂಢಿಯ ಕುರುಹೇ ಎಂದು ನಮ್ಮ ಅಭಿಪ್ರಾಯ. ನ್ಯಾಯಾಧೀಶರು ಒಪ್ಪುವರೆಂದು ಹೇಳಲಾರೆವು. 2017ರಲ್ಲಿ ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ಮಂದಿ ನ್ಯಾಯಮೂರ್ತಿಗಳು ಸಾರಿದರು. ಆ ಅರ್ಜಿಯನ್ನು ಹಾಕಿದವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಆದರೆ ಅದು ಸರಕಾರದ ಎದುರಿನ ಹಕ್ಕಿನ ಮಾತು. ನೆರೆಯವರ ಕಿಟಕಿಗೆ ಅದು ನೇರವಾಗಿ ಉತ್ತರ ಕೊಡುವುದಿಲ್ಲ.

ಗೋಡೆಯನ್ನೆತ್ತುವ ಯೋಚನೆಯೂ ತೋರುವಷ್ಟು ಸುಲಭವಲ್ಲ. ಇಪ್ಪತ್ತು ವರ್ಷ ತಡೆಯಿಲ್ಲದೆ ಅನುಭವಿಸಿದ ಗಾಳಿ ಬೆಳಕು ಅದೇ ಕಾಯಿದೆಯ 15ನೆಯ ಕಲಮಿನಂತೆ ಹಕ್ಕಾಗುತ್ತದೆ. ಹೊಸ ಕಿಟಕಿಗೆ ಆ ಹಕ್ಕಿಲ್ಲ, ನಿಜ. ಹಳೆಯ ಗವಾಕ್ಷಕ್ಕೆ ಇದ್ದೀತು. ಗೋಡೆ ಎತ್ತಿದರೆ ದಾವೆ ಹೂಡುವ ಸರದಿ ಅವರದಾಗಬಹುದು. ಎತ್ತರದ ಗೋಡೆಗೂ ಪರವಾನಗಿ ಬೇಕು. ಆ ಗೋಡೆಯಿಂದ ಮೊದಲು ಕತ್ತಲಾಗುವುದು ತಮ್ಮ ಹಿತ್ತಲೇ.

ಈಗ ನಮ್ಮ ಕಾರಣವನ್ನು ಹೇಳಬೇಕು. ಸುಮಾರು ಮೂವತ್ತು ವರ್ಷಗಳ ಹಿಂದೆ ಒಂದು ಮಠದ ಪ್ರಸಾದ ನಿಲಯದ ಕಟ್ಟಡದ ಮೇಲ್ವಿಚಾರಣೆ ನಮ್ಮ ಪಾಲಿಗೆ ಬಂದಿತ್ತು. ಮೇಲಂತಸ್ತಿನ ಕೋಣೆಯಲ್ಲಿ ಬೇಸಿಗೆಯ ಧಗೆಗೆ ಹುಡುಗರು ಓದಲಾರದೆ ಒದ್ದಾಡುತ್ತಿದ್ದರು. ನಾವು ಪಡುವಣ ಗೋಡೆಯಲ್ಲಿ ಎರಡು ಕಿಟಕಿಗಳನ್ನು ತೆಗೆಸಿದೆವು. ಮಠದ ಕಟ್ಟಡ, ಯಾರು ಕೇಳುತ್ತಾರೆ ಎಂಬ ಗರ್ವದಿಂದ ಪರವಾನಗಿಯನ್ನೂ ಪಡೆಯಲಿಲ್ಲ. ಆಮೇಲೆ ತಕರಾರು ಬಂದಾಗ ತಿದ್ದಿದ ನಕ್ಷೆಯನ್ನು ಸಲ್ಲಿಸಿ ಮುದ್ರೆ ಹಾಕಿಸಿಕೊಂಡು, ಕೆಲಸ ಮುಗಿಯಿತೆಂದು ತಿಳಿದೆವು.

ಆ ಗೋಡೆಯಾಚೆಗೆ ಒಬ್ಬ ವೃದ್ಧ ತಾಯಿಯ ಮನೆಯಿತ್ತು. ಆಕೆ ನಸುಕಿನಲ್ಲಿ ಮಿಂದು, ಹಿತ್ತಲ ಕಟ್ಟೆಯ ಮೇಲೆ ಕುಳಿತು ಲಿಂಗಪೂಜೆ ಮಾಡಿಕೊಳ್ಳುವುದು ಎಷ್ಟೋ ವರ್ಷಗಳ ಪಾಠ. ಕಿಟಕಿಗಳು ತೆರೆದ ಮೇಲೆ ಆಕೆ ಒಳಗಿನ ಕತ್ತಲು ಕೋಣೆಗೆ ಸೇರಿಕೊಂಡಳು. ಯಾರಿಗೂ ದೂರಲಿಲ್ಲ. ಒಂದು ನಸುಕಿನಲ್ಲಿ ಆ ಕೋಣೆಯ ಹೊಸ್ತಿಲು ಎಡವಿ ಬಿದ್ದು ಎಡಗೈ ಮಣಿಕಟ್ಟು ಉಳುಕಿತು. ಲಿಂಗವನ್ನು ಹಿಡಿಯುವ ಕೈ ಅದು. ನಮಗೆ ಈ ಸುದ್ದಿ ಮುಟ್ಟಿಸಿದವಳು ಎರಡೂ ಕಡೆಗೆ ಹಾಲು ಹಾಕುತ್ತಿದ್ದ ಹೆಣ್ಣುಮಗಳು.

ನಾವು ಹೋಗಿ ಕ್ಷಮೆ ಕೇಳಿದಾಗ ಆ ತಾಯಿ ಅಂದದ್ದು ಇಷ್ಟೆ: "ಓದೋ ಹುಡುಗರಿಗೆ ಗಾಳಿ ಬೇಕಲ್ರಿ ಶಾಸ್ತ್ರಿಗಳ. ನಂದೇನೈತಿ, ಎಲ್ಲಿ ಕುಂತ್ರೂ ಲಿಂಗಯ್ಯ ಕೈಯಾಗ ಅದಾನ."

ಆಕೆ ಒಳಗೆ ನೀರು ತರಲು ಹೋದಾಗ ನಾವು ಆ ಕಟ್ಟೆಯ ಮೇಲೆ ಕುಳಿತು ತಲೆಯೆತ್ತಿ ನೋಡಿದೆವು. ಎರಡು ಕಿಟಕಿಗಳು, ಅವುಗಳಲ್ಲಿ ನಾಲ್ಕೈದು ತಲೆಗಳು. ಹುಡುಗರಲ್ಲಿ ಕೆಟ್ಟ ಬುದ್ಧಿಯಿರಲಿಲ್ಲ. ಗಾಳಿಗೆ ನಿಂತಿದ್ದರು, ಅಷ್ಟೆ. ಆದರೂ ನಮ್ಮ ಕೈ ತಾನಾಗಿ ಹೆಗಲ ಮೇಲಿನ ವಸ್ತ್ರವನ್ನು ಎಳೆದುಕೊಂಡಿತು. ಮೇಲೆ ನಿಂತು ಕಿಟಕಿಗೆ ಜಾಗ ಗುರುತು ಮಾಡಿಸಿದ ದಿನ ನಮಗೆ ಕಂಡದ್ದು ಒಂದು ಹಿತ್ತಲು, ಒಂದು ನುಗ್ಗೆ ಮರ.

ಮರುದಿನವೇ ಗೌಂಡಿಯನ್ನು ಕರೆಸಿದೆವು. ನಿಲಯದಲ್ಲಿ ಎಲ್ಲರಿಗಿಂತ ಎತ್ತರದ ಹುಡುಗನನ್ನು ಗೋಡೆಗೆ ಒರಗಿಸಿ ನಿಲ್ಲಿಸಿ, ಅವನ ಕಣ್ಣಿನಿಂದ ನಾಲ್ಕು ಬೆರಳು ಮೇಲಕ್ಕೆ ಸುಣ್ಣದ ಗೆರೆ ಎಳೆಸಿ, ಅಲ್ಲಿಯವರೆಗೆ ಇಟ್ಟಿಗೆ ತುಂಬಿಸಿದೆವು. ಉಳಿದ ಮೇಲುಭಾಗದಿಂದ ಗಾಳಿ ಧಾರಾಳವಾಗಿ ಆಡಿತು; ಬಿಸಿಗಾಳಿ ಮೇಲೇರಿ ಹೊರಬೀಳುವುದರಿಂದ ಮೊದಲಿಗಿಂತ ಹಿತವಾಯಿತೆಂದೇ ಹುಡುಗರೆಂದರು. ಬದಲಾದ ನಕ್ಷೆಗೆ ಮತ್ತೊಮ್ಮೆ ಪರವಾನಗಿ ಪಡೆದೆವು, ಈ ಸಲ ಆ ತಾಯಿಗೆ ತೋರಿಸಿದ ಮೇಲೆ. ಇಂಗ್ಲೆಂಡಿನ ಅಳತೆಯನ್ನು ಎಷ್ಟೋ ವರ್ಷಗಳ ನಂತರ ಓದಿದಾಗ ಕುತೂಹಲದಿಂದ ಹೋಗಿ ಅಳೆದೆವು: ನಮ್ಮದು ಐದು ಅಡಿ ಎಂಟು ಅಂಗುಲ.

ಪತ್ರ ಬರೆದ ಶರಣರಿಗೆ ನಮ್ಮ ಬಿನ್ನಹವಿಷ್ಟು. ವಕೀಲರನ್ನು ಕಾಣುವ ಹಕ್ಕು ತಮ್ಮದು. ಅದು ಎಲ್ಲಿಯೂ ಹೋಗುವುದಿಲ್ಲ. ಅದಕ್ಕೂ ಮೊದಲು ನೆರೆಮನೆಯ ಯಜಮಾನರನ್ನು, ಸಾಧ್ಯವಾದರೆ ಅವರ ಮನೆಯಾಕೆಯನ್ನೂ ಒಂದು ಮುಂಜಾನೆ ಕರೆದು, ಮಾತೇನೂ ಆಡದೆ ತಮ್ಮ ಹಿತ್ತಲ ಕಟ್ಟೆಯ ಮೇಲೆ ಕೂರಿಸಿ ಚಹಾ ಕೊಡಿರಿ. ಅವರು ತಲೆಯೆತ್ತಿ ತಮ್ಮ ಕಿಟಕಿಯನ್ನು ಕೆಳಗಿನಿಂದ ನೋಡಲಿ. ಬಳಿಕ ಕೆಳಭಾಗಕ್ಕೆ ಮಸುಕು ಗಾಜನ್ನು ಬಿಗಿಯಾಗಿ ಕೂರಿಸುವ ಮಾತೆತ್ತಿ, ಖರ್ಚಿನಲ್ಲಿ ಅರ್ಧವನ್ನು ತಾವು ಕೊಡುವುದಾಗಿ ಹೇಳಿರಿ. ಒಪ್ಪಿದರೆ ಒಂದು ಹಾಳೆಯ ಮೇಲೆ ಬರೆದು ಇಬ್ಬರೂ ಸಹಿ ಹಾಕಿರಿ. ಮನೆ ನಾಳೆ ಮಾರಾಟವಾದೀತು.

ಆ ತಾಯಿ ಮತ್ತೆ ಕಟ್ಟೆಗೆ ಬಂದಳೋ ಇಲ್ಲವೋ ಎಂಬುದು ನಮ್ಮ ಕಿಟಕಿಯಿಂದ ಕಾಣುವಂತಿರಲಿಲ್ಲ. ಹದಿನೈದು ದಿನಗಳ ಮೇಲೆ ಹಾಲಿನವಳು ಹೇಳಿದಳು, ಬಂದಿದ್ದಾಳೆಂದು.