ಒಂದೇ ಗಡಿಯಾರ, ಎರಡು ಹಗಲು

ನೊಣವಿನಕೆರೆಯ ತೆಂಗಿನ ತೋಟದಲ್ಲಿ ಸೂರ್ಯನು ನೆತ್ತಿಗೇರುವಾಗ ಗಡಿಯಾರವು ಹನ್ನೆರಡನ್ನು ದಾಟಿ ಸರಾಸರಿ 24 ನಿಮಿಷಗಳಾಗಿರುತ್ತವೆ. 82½ ಡಿಗ್ರಿ ರೇಖಾಂಶದ ಕಾಲವೇ ದೇಶಕ್ಕೆಲ್ಲ ಪ್ರಮಾಣವಷ್ಟೆ. ಇದು ನಮಗೆ ಸಹ್ಯ. ಮಡಿಕೇರಿ, ಷಿಲ್ಲಾಂಗುಗಳೆರಡೂ ಮಳೆ ಮಂಜುಗಳ ಮಲೆಯೂರುಗಳು. ಎರಡನ್ನೂ ಸ್ಕಾಟ್ಲೆಂಡಿಗೆ ಹೋಲಿಸಿದ್ದುಂಟು. ಆದರೆ ಕೊಡವರ ವಂಶವು ತಂದೆಯಿಂದ, ಖಾಸಿಗಳದು ತಾಯಿಯಿಂದ. ಅಲ್ಲಿ ಹಿರಿಯರ ಮನೆ ಕಿರಿಯ ಮಗಳಿಗೆ ಸಲ್ಲುತ್ತದೆ. ಹಗಲೂ ಹಾಗೆಯೇ ಭಿನ್ನ. ಡಿಸೆಂಬರಿನಲ್ಲಿ ಮಡಿಕೇರಿಗೆ ಆರರ ಸುಮಾರಿಗೆ ಸೂರ್ಯಾಸ್ತ, ಷಿಲ್ಲಾಂಗಿಗೆ ನಾಲ್ಕೂವರೆಗೆ. ಹತ್ತು ಘಂಟೆಗೆ ಕಚೇರಿ ತೆರೆದರೆ ಅಲ್ಲಿಯ ಗುಮಾಸ್ತನು ದೀಪದ ಬೆಳಕಿನಲ್ಲಿಯೇ ಕೆಲಸ ಮುಗಿಸಬೇಕು. ಅಸ್ಸಾಮಿನ ಚಹಾ ತೋಟಗಳಲ್ಲಿ ಗಡಿಯಾರವನ್ನು ಒಂದು ಘಂಟೆ ಮುಂದಿಡುವ ರೂಢಿಯುಂಟು. ದೇಶಕ್ಕೇ ಎರಡು ಕಾಲಗಳಾದರೆ ರೈಲು, ವ್ಯಾಪಾರಗಳಿಗೆ ತೊಡಕು. ಆದುದರಿಂದ ಗಡಿಯಾರವು ಒಂದೇ ಇರಲಿ. ಕಚೇರಿ, ಪಾಠಶಾಲೆಗಳ ಬಾಗಿಲನ್ನು ಮಾತ್ರ ಅಧಿಕಾರಿಗಳು ಆಯಾ ಊರಿನ ಸೂರ್ಯನನ್ನು ನೋಡಿ ತೆರೆಯಿಸಲಿ.